ನೋವಿಲ್ಲದೆ ಕೊಂದರೆ ಸಾಕೇ?

ಪಶುವೈದ್ಯನಾಗಿ ನಾನು ಎರಡು ಬಗೆಯ ಸಾವು ನೋಡುತ್ತೇನೆ. ಒಂದು ಚಿಕಿತ್ಸಾಲಯದ ಮೇಜಿನ ಮೇಲಿನದು. ಮೈಗೆಲ್ಲ ಕ್ಯಾನ್ಸರ್ ಹಬ್ಬಿದ ಮುದಿ ನಾಯಿ, ಅದರ ತಲೆ ಸವರುತ್ತ ನಿಂತ ಮನೆಯವರು, ನನ್ನ ಕೈಯಲ್ಲಿ ಪೆಂಟೋಬಾರ್ಬಿಟಾಲ್ ಎಂಬ, ನೋವಿಲ್ಲದೆ ಸಾಯಿಸುವ ಮದ್ದು ತುಂಬಿದ ಸಿರಿಂಜು. ಇನ್ನೊಂದು ಕಸಾಯಿಖಾನೆಯದು. ಅಲ್ಲಿ ಸಾಲಿನಲ್ಲಿ ನಿಂತ ಪ್ರಾಣಿಗಳನ್ನು ಪರೀಕ್ಷಿಸಿ, ರೋಗವಿಲ್ಲ ಎಂದು ಬರೆದುಕೊಡುವುದು ನನ್ನ ಕೆಲಸ. ಒಂದು ಕಡೆ ಬದುಕಲಾರದ್ದಕ್ಕೆ ಸಾವು, ಇನ್ನೊಂದು ಕಡೆ ಚೆನ್ನಾಗಿ ಬದುಕಬಲ್ಲದ್ದಕ್ಕೇ ಸಾವು. ಕುಂಟುವ, ಜ್ವರ ಬಂದ ಪ್ರಾಣಿಯನ್ನು ಸಾಲಿನಿಂದ ಹೊರಗೆಳೆಯುತ್ತೇನೆ. ಈ ತಿರುಗುಮುರುಗು ನನಗೆ ಅರಿವಾಗಲು ಕೆಲವು ವರ್ಷಗಳೇ ಹಿಡಿದವು.

ಈ ಕೆಲಸದ ವಿಷಯ ಬಂದಾಗಲೆಲ್ಲ ಜನ ಕೇಳುವುದು ಒಂದೇ ಮಾತು: "ಅದಕ್ಕೆ ನೋವಾಗುತ್ತಾ ಡಾಕ್ಟ್ರೇ?"

ಇದಕ್ಕೆ ಉತ್ತರ ಹೇಳಬಹುದು. ಉಕ್ಕಿನ ಕಡ್ಡಿಯಿಂದ ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸುವ ಬೋಲ್ಟ್ ಗನ್‌ನ ಹೊಡೆತ ದನದ ಹಣೆಗೆ ಸರಿಯಾಗಿ ಬಿದ್ದರೆ ಅದು ಆ ಕ್ಷಣವೇ ಕುಸಿಯುತ್ತದೆ. ಬೆರಳಿನಿಂದ ಕಣ್ಣಿನ ಕರಿಗುಡ್ಡೆ ಮುಟ್ಟುತ್ತೇನೆ, ರೆಪ್ಪೆ ಮಿಟುಕಬಾರದು. ಉಸಿರಾಟದ ಲಯ ನಿಂತಿರಬೇಕು. ಕಾಲು ಒದೆಯುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ, ಅದು ಬೆನ್ನುಹುರಿಯ ಪ್ರತಿಕ್ರಿಯೆ ಅಷ್ಟೆ. ಆದರೆ ರೆಪ್ಪೆ ಮಿಟುಕಿತೋ, ತಲೆ ಎತ್ತಲು ನೋಡಿತೋ, ತಡಮಾಡದೆ ಎರಡನೆಯ ಹೊಡೆತ ಕೊಡಲೇಬೇಕು. ಪ್ರಜ್ಞೆ ತಪ್ಪಿಸದೆ ಕತ್ತು ಕೊಯ್ದರೆ ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸವಿದೆ. ಕುರಿಯ ಮೆದುಳಿಗೆ ರಕ್ತ ಹೋಗುವುದು ಬಹುತೇಕ ಕತ್ತಿನ ಮುಂಭಾಗದ ರಕ್ತನಾಳಗಳಿಂದ, ಹಾಗಾಗಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ದನಕ್ಕೆ ಕತ್ತಿನ ಮೂಳೆಯೊಳಗಿನ ನಾಳಗಳಿಂದಲೂ ರಕ್ತ ಹೋಗುತ್ತದೆ, ಚಾಕು ಅಲ್ಲಿಗೆ ತಲುಪುವುದಿಲ್ಲ. ಕೆಲವೊಮ್ಮೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಅರಿವು ಉಳಿಯುತ್ತದೆ. ಹಂದಿಗಳನ್ನು ದೊಡ್ಡ ಕಾರ್ಖಾನೆಗಳಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿದ ಕೋಣೆಗೆ ಇಳಿಸುತ್ತಾರೆ. ನಿದ್ದೆ ಬರಿಸಿದ ಹಾಗೆ ಎಂದು ಹೇಳುವವರಿದ್ದಾರೆ. ಆ ಅನಿಲ ಮೂಗಿನ ತೇವದಲ್ಲಿ ಕರಗಿ ಆಮ್ಲವಾಗಿ ಉರಿಸುತ್ತದೆ. ಪ್ರಜ್ಞೆ ತಪ್ಪುವ ಮೊದಲು ಹಂದಿ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ. ಇದನ್ನು ನಿದ್ದೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂಕಪ್ರಾಣಿ ಎಂಬ ನಮ್ಮ ಮಾತಂತೂ ಶುದ್ಧ ಸುಳ್ಳು. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಕಸಾಯಿಖಾನೆಗಳನ್ನು ಅಳೆಯಲು ಬಳಸಿದ್ದು ದನಗಳ ಕೂಗನ್ನೇ. ನೂರರಲ್ಲಿ 3ಕ್ಕಿಂತ ಹೆಚ್ಚು ದನ ಕೂಗಿದರೆ ಅಲ್ಲಿ ಏನೋ ತಪ್ಪಿದೆ ಎಂದು ಅರ್ಥ. ದನ ತಡೆದು ನಿಂತಿತೆಂದರೆ ಅಲ್ಲಾಡುವ ಸರಪಳಿಯೋ, ನೆಲದ ಮೇಲಿನ ನೆರಳೋ ಕಾರಣವಿರುತ್ತದೆ. ಕಾರಣ ತೆಗೆಯದೆ ಬಾಲ ತಿರುಚುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕೊನೆಗೆ ಮಾಂಸವೂ ಸಾಕ್ಷಿ ನುಡಿಯುತ್ತದೆ. ದೀರ್ಘಕಾಲ ಹೆದರಿ ಬಳಲಿದ ಪ್ರಾಣಿಯ ಸ್ನಾಯುವಿನ ಸಕ್ಕರೆ ಮೊದಲೇ ಖರ್ಚಾಗಿರುತ್ತದೆ. ಸತ್ತ ಮೇಲೆ ಅಲ್ಲಿ ಸಾಕಷ್ಟು ಆಮ್ಲ ಹುಟ್ಟದೆ ಮಾಂಸ ಕಪ್ಪಾಗಿ, ಗಡುಸಾಗಿ, ಬೇಗ ಕೆಡುತ್ತದೆ.

ಇಷ್ಟಾದರೂ ಚಾಕುವಿನದು ಸೆಕೆಂಡುಗಳ ಲೆಕ್ಕ. ಅದರ ಹಿಂದಿನ ಬದುಕಿನ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಕೆಲವು ವರ್ಷ ಬದುಕಬಲ್ಲ ಕೋಳಿಯನ್ನು ಮಾಂಸಕ್ಕಾಗಿ ಐದಾರು ವಾರಕ್ಕೇ ಕೊಲ್ಲುತ್ತಾರೆ; ಮೈ ಬೆಳೆಯುವ ವೇಗಕ್ಕೆ ಎಷ್ಟೋ ಕೋಳಿಗಳ ಕಾಲು ತಡೆಯುವುದಿಲ್ಲ. ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಗಂಡು ಮರಿ ಮೊಟ್ಟೆಯಿಡದು, ಮಾಂಸಕ್ಕೂ ಲಾಭವಿಲ್ಲ, ಹಾಗಾಗಿ ಬಹುತೇಕ ಕಡೆ ಮೊದಲ ದಿನವೇ ಅದರ ಕೊನೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಹಸು ಕರು ಹಾಕದೆ ಹಾಲಿಲ್ಲ, ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಅವು ಎಲ್ಲಿಗೆ ಹೋಗುತ್ತವೆ ಎಂದು ಹಾಲು ಕುಡಿಯುವವರೂ ಕೇಳಿಕೊಳ್ಳಬೇಕಾಗುತ್ತದೆ.

ಸರಿ, ಬದುಕೂ ಚೆನ್ನಾಗಿತ್ತು, ಸಾವಿನಲ್ಲೂ ನೋವಿರಲಿಲ್ಲ ಎಂದಿಟ್ಟುಕೊಳ್ಳೋಣ. ಆಗ ಕೊಲ್ಲಬಹುದೇ? ನೋವಿನ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವುದು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಎಂಬುದು ನನ್ನ ಗುಮಾನಿ. ಪ್ರಾಣಿಗೆ ನಾಳೆಯ ಕಲ್ಪನೆಯಿಲ್ಲ, ಹಾಗಾಗಿ ಸಾವಿನಿಂದ ಅದಕ್ಕೆ ನಷ್ಟವೂ ಇಲ್ಲ ಎನ್ನುವ ವಾದ ಹಳೆಯದು. ಆದರೆ ಮನೆ ಬದಲಾಯಿಸುತ್ತಿದ್ದೇವೆ ಎಂದು ಎರಡು ವರ್ಷದ ಗಟ್ಟಿಮುಟ್ಟಾದ ನಾಯಿಯನ್ನು ತಂದು "ಇಂಜೆಕ್ಷನ್ ಕೊಟ್ಟುಬಿಡಿ" ಎಂದವರಿದ್ದಾರೆ. ನಾನು ಆಗುವುದಿಲ್ಲ ಎಂದೆ. ನೋವಿಲ್ಲದ ಸಾವು ಕೊಡಲು ನನಗೆ ಬರುತ್ತದೆ, ನಾಯಿಗೆ ನಾಳೆಯ ಯೋಚನೆ ಇರಲಿಲ್ಲ. ಆದರೂ ಅದಕ್ಕೆ ಏನೂ ನಷ್ಟವಿಲ್ಲ ಎಂದು ಆ ಕೋಣೆಯಲ್ಲಿದ್ದ ನಮ್ಮಲ್ಲಿ ಯಾರಿಗೂ ಅನಿಸಲಿಲ್ಲ. ನಾಯಿಯ ವಿಷಯದಲ್ಲಿ ಒಪ್ಪುವುದನ್ನು, ಬುದ್ಧಿಯಲ್ಲಿ ಅದಕ್ಕೇನೂ ಕಡಿಮೆಯಿಲ್ಲದ ಹಂದಿಯ ವಿಷಯದಲ್ಲಿ ಬಿಡುವುದು ಹೇಗೆ? ತಿನ್ನದಿದ್ದರೆ ಅವು ಹುಟ್ಟುತ್ತಲೇ ಇರಲಿಲ್ಲ ಎನ್ನುವವರಿಗೆ ನನ್ನದು ಚಿಕ್ಕ ಉತ್ತರ: ಹುಟ್ಟದವನಿಗೆ ನಷ್ಟವಿಲ್ಲ, ಹುಟ್ಟಿಸಿದವನಿಗೆ ಕೊಲ್ಲುವ ಹಕ್ಕೂ ಬರುವುದಿಲ್ಲ. ನಮ್ಮ ಭಾಷೆ ದಯಾಮರಣ ಎಂಬ ಪದವನ್ನು ಚಿಕಿತ್ಸಾಲಯದ ಸಾವಿಗೆ ಕೊಟ್ಟಿದೆ, ಕಸಾಯಿಖಾನೆಯದಕ್ಕೆ ಕೊಟ್ಟಿಲ್ಲ. ಅಲ್ಲಿ ಸಾವು ಯಾರಿಗಾಗಿ ಎಂಬುದು ಭಾಷೆಗೆ ಗೊತ್ತಿದೆ.

ಬೆಳೆಯೇ ಬಾರದ ಹಿಮಪ್ರದೇಶದ ಬೇಟೆಗಾರನ ಮುಂದೆ ಈ ವಾದ ಹೂಡಲು ನನಗೆ ಮುಖವಿಲ್ಲ. ಅಲ್ಲಿ ಅಗತ್ಯ ಮಾತನಾಡುತ್ತದೆ. ರುಚಿ ಅಗತ್ಯದ ವೇಷ ಹಾಕಿಕೊಂಡು ಬಂದಾಗ ಮಾತ್ರ ಜಗಳ. ಉಳುಮೆ, ಕೊಯ್ಲಿನಲ್ಲೂ ಇಲಿ, ಹಾವು, ಹುಳು ಸಾಯುತ್ತವೆ ಎಂಬುದು ನಿಜವೇ. ಆದರೆ ಜಗತ್ತಿನ ಸೋಯಾದ ಬಹುಪಾಲು ಹೋಗುವುದು ಸಾಕುಪ್ರಾಣಿಗಳ ಮೇವಿಗೆ. ಆ ಸಾವುಗಳ ಲೆಕ್ಕವೂ ಮಾಂಸದ ಖಾತೆಗೇ ಸೇರಬೇಕು.

ಲೆಕ್ಕದ ಮಾತು ಬಂತು. ವರ್ಷಕ್ಕೆ ಮನುಷ್ಯ ಆಹಾರಕ್ಕಾಗಿ ಕೊಲ್ಲುವ ನೆಲದ ಪ್ರಾಣಿಗಳು 8,000 ಕೋಟಿಗೂ ಹೆಚ್ಚು, ಅದರಲ್ಲಿ ಬಹುಪಾಲು ಕೋಳಿ. ಹೃದಯಕ್ಕೆ, ಹವಾಮಾನಕ್ಕೆ ಒಳ್ಳೆಯದೆಂದು ಕೆಂಪು ಮಾಂಸ ಬಿಟ್ಟು ಕೋಳಿಗೆ ಹೊರಳುವವರು ಒಂದು ದೊಡ್ಡ ದನದ ಬದಲು ನೂರಕ್ಕೂ ಹೆಚ್ಚು ಕೋಳಿಗಳ ಸಾವು ಆರಿಸಿಕೊಂಡಿರುತ್ತಾರೆ. ಹವಾಮಾನದ ಲೆಕ್ಕ ಸರಿಯೇ, ಜೀವಗಳ ಲೆಕ್ಕ ತಲೆಕೆಳಗು. ಇನ್ನು ಮೀನನ್ನು ತಲೆ ಎಣಿಸುವುದೂ ಇಲ್ಲ, ಟನ್‌ಗಳಲ್ಲಿ ತೂಗುತ್ತೇವೆ. 2003ರಲ್ಲಿ ಜೀವವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿ ನೋಡಿದರು. ಅವು ತುಟಿಯನ್ನು ಜಲ್ಲಿಕಲ್ಲಿಗೆ ಉಜ್ಜಿದವು, ಮೇವು ಬಿಟ್ಟವು. ನೋವುನಿವಾರಕ ಮಾರ್ಫಿನ್ ಕೊಟ್ಟಾಗ ಆ ವರ್ತನೆ ತಗ್ಗಿತು. ನಮ್ಮ ಕಿವಿಗೆ ನಿಜಕ್ಕೂ ಮೂಕವಾದದ್ದು ಮೀನು, ಅದಕ್ಕೇ ಅದರ ಸರದಿ ಕೊನೆಗೆ ಬಂತು.

ಕಸಾಯಿಖಾನೆಯ ಕೆಲಸ ನಾನು ಬಿಟ್ಟಿಲ್ಲ. ಆ ಕಣ್ಣು ಮುಟ್ಟಿ ನೋಡಲು ಒಬ್ಬರು ಅಲ್ಲಿರಬೇಕು ಎಂಬುದು ನನಗೆ ನಾನೇ ಹೇಳಿಕೊಳ್ಳುವ ಕಾರಣ, ಕೆಲವು ದಿನ ಅದು ಸಾಲುವುದಿಲ್ಲ. ಮೊದಲು ಕೋಳಿ ಬಿಟ್ಟೆ, ಆಮೇಲೆ ಹಂದಿ, ಆಮೇಲೆ ಉಳಿದದ್ದು, ಮೀನು ಎಲ್ಲಕ್ಕಿಂತ ತಡವಾಗಿ. ಹಾಲು ಬಿಟ್ಟಿಲ್ಲ. ಅದಕ್ಕೆ ನನ್ನ ಬಳಿ ವಾದವಿಲ್ಲ, ಅಭ್ಯಾಸವಷ್ಟೇ ಇದೆ.