ಸಸ್ಯಕೋಶಕ್ಕೆ ಜೀನ್ ಹೊತ್ತೊಯ್ಯುವ ನ್ಯಾನೋ ಕಣಗಳು: ಏರಿಸುವುದು ಸುಲಭ, ಇಳಿಸುವುದೇ ಕಷ್ಟ

ಈ ಪಾಠಕ್ಕೆ ಕೂರುವ ಮೊದಲು ಒಂದು ಅಳತೆ ತಲೆಯಲ್ಲಿ ಇಟ್ಟುಕೊಳ್ಳಿ. ಸಸ್ಯಕೋಶದ ಗೋಡೆಯಲ್ಲಿರುವ ತೂತುಗಳು ಸುಮಾರು 5ರಿಂದ 20 ನ್ಯಾನೋಮೀಟರ್, ಅಷ್ಟೇ. ಪ್ರಾಣಿಕೋಶಕ್ಕೆ ಈ ಗೋಡೆ ಇಲ್ಲ, ಬರೀ ಪೊರೆ. ಅದಕ್ಕೇ ಅಲ್ಲಿ ಚೆನ್ನಾಗಿ ಕೆಲಸ ಮಾಡುವ 100 ನ್ಯಾನೋಮೀಟರಿನ, ಜೀನ್ ಹೊರುವ ಕೊಬ್ಬಿನ ಗುಳ್ಳೆಗಳನ್ನು ಹಾಗೇ ತಂದು ಎಲೆಗೆ ಕೊಟ್ಟರೆ, ಹೆಚ್ಚಿನವು ಗೋಡೆಯ ಹೊರಗೇ ನಿಂತುಬಿಡುತ್ತವೆ.

ಈಗ ಸರಕು ನೋಡಿ. ಡಿಎನ್‌ಎ ಎಳೆಯ ದಪ್ಪ 2 ನ್ಯಾನೋಮೀಟರ್, ಅದೇನೋ ಸರಿ. ಆದರೆ 5000 ಬೇಸ್ ಜೋಡಿಗಳ ಒಂದು ಪ್ಲಾಸ್ಮಿಡ್, ಅಂದರೆ ಬಳೆಯಂಥ ಡಿಎನ್‌ಎ ತಗೊಳ್ಳಿ, ಜೋಡಿಗೆ 0.34 ನ್ಯಾನೋಮೀಟರ್ ಅಂತ ಗುಣಿಸಿದರೆ ಸುತ್ತಳತೆ 1700 ನ್ಯಾನೋಮೀಟರ್ ಆಯಿತು. ನೀರಿನಲ್ಲಿ ಅದು ಸಿಕ್ಕುಬಿದ್ದ ದಾರದ ಉಂಡೆ ಥರ ಇರುತ್ತದೆ. ಜೊತೆಗೆ ಮೈತುಂಬಾ ಋಣ ಚಾರ್ಜ್. ಗೋಡೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟಿಗೂ ಋಣ ಚಾರ್ಜೇ, ಅಂದರೆ ಒಂದನ್ನೊಂದು ದೂಡುತ್ತವೆ. ಸುಮ್ನೆ ಡಿಎನ್‌ಎ ಸುರಿದರೆ ಏನೂ ಆಗುವುದಿಲ್ಲ ಅನ್ನುವುದಕ್ಕೆ ಇಷ್ಟು ಕಾರಣ ಸಾಕು.

ಹಳೆಯ ದಾರಿಗಳು ನಿಮಗೆ ಗೊತ್ತೇ ಇವೆ. ಆಗ್ರೋಬ್ಯಾಕ್ಟೀರಿಯಂ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ತುಂಡನ್ನು ಗಿಡದ ಕ್ರೋಮೋಸೋಮಿಗೇ ಸೇರಿಸುತ್ತದೆ, ಆದರೆ ಎಲ್ಲ ಬೆಳೆಗೂ ಒಗ್ಗುವುದಿಲ್ಲ. ಜೀನ್ ಗನ್ 1987ರಲ್ಲಿ ಈರುಳ್ಳಿಯ ಸಿಪ್ಪೆಕೋಶಗಳ ಮೇಲೆ ಟಂಗ್‌ಸ್ಟನ್ ಕಣ ಹಾರಿಸಿ ತೋರಿಸಿದ ವಿಧಾನ. ಯಾವ ಗಿಡವಾದರೂ ಸರಿ, ಆದರೆ ಗುಂಡು ಹೊಡೆದ ಮೇಲೆ ಗಾಯ ಆಗದೇ ಇರುತ್ತದಾ?

ನ್ಯಾನೋ ಕಣಗಳ ಕಡೆ ಜನ ತಿರುಗಿದ್ದು ಇಲ್ಲಿಂದ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಇಂಗಾಲದ ಪುಟ್ಟ ಕೊಳವೆ. ಅಗಲ 1 ನ್ಯಾನೋಮೀಟರ್ ಆಸುಪಾಸು, ಉದ್ದ ನೂರಾರು ನ್ಯಾನೋಮೀಟರ್. ಸೂಜಿ ಅನ್ನಿ. ಉದ್ದ ಎಷ್ಟಿದ್ದರೂ ತೂತಿನಲ್ಲಿ ತೂರುವಾಗ ಲೆಕ್ಕಕ್ಕೆ ಬರುವುದು ಅಗಲ. ಇದರ ಮೈಗೆ ಪಾಲಿಎಥಿಲೀನ್ಇಮೀನ್ ಅನ್ನುವ ಧನ ಚಾರ್ಜಿನ ಪಾಲಿಮರ್ ಅಂಟಿಸಿದರೆ ಋಣ ಚಾರ್ಜಿನ ಡಿಎನ್‌ಎ ತಾನಾಗಿ ಬಂದು ಹಿಡಿದುಕೊಳ್ಳುತ್ತದೆ. ಅಮೆರಿಕದ ಬರ್ಕ್ಲಿಯ ತಂಡವೊಂದು 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಎಲೆಯೊಳಗೆ ಒತ್ತಿದರು. ತಂಬಾಕಿನ ಬಂಧು ಗಿಡ ಒಂದೇ ಅಲ್ಲ, ಅರುಗುಲಾ ಅನ್ನುವ ಸೊಪ್ಪು, ಗೋಧಿ, ಹತ್ತಿಯ ಎಲೆಗಳಲ್ಲೂ ಒಳಗೆ ಹೋದ ಜೀನಿನಿಂದ ಹಸಿರು ಹೊಳೆಯುವ ಪ್ರೋಟೀನ್ ತಯಾರಾಯಿತು. ಕೆಲವು ದಿನಕ್ಕೆ ಹೊಳಪು ಇಳಿಯಿತು, ಯಾಕೆಂದರೆ ಡಿಎನ್‌ಎ ಕ್ರೋಮೋಸೋಮಿಗೆ ಸೇರಿಕೊಂಡಿರಲಿಲ್ಲ. ಇದನ್ನು ಸೋಲು ಅಂತ ಓದಬೇಡಿ. ಜೀನ್ ಎಡಿಟಿಂಗ್ ಮಾಡುವವರಿಗೆ ಬೇಕಾಗಿರುವುದೇ ಬಂದು, ಕೆಲಸ ಮುಗಿಸಿ, ಗುರುತು ಬಿಡದೆ ಹೋಗುವ ಡಿಎನ್‌ಎ.

ಇಲ್ಲೇ ನಾನು ಬಹಳ ದಿನ ಎಡವಿದ್ದೆ. ಕಣ ಒಳಗೆ ಹೋಯಿತಲ್ಲ, ಕೆಲಸ ಆಯಿತು ಅಂದುಕೊಂಡಿದ್ದೆ. ಆದರೆ ಡಿಎನ್‌ಎಯನ್ನು ಬಿಗಿಯಾಗಿ ಹಿಡಿದಷ್ಟೂ ದಾರಿಯಲ್ಲಿ ಅದು ಉದುರುವುದಿಲ್ಲ, ಎಂಜೈಮುಗಳು ಕತ್ತರಿಸುವುದೂ ಕಡಿಮೆ, ಸರಿ, ಆದರೆ ಅಷ್ಟೇ ಬಿಗಿಯಾಗಿ ಒಳಗೂ ಹಿಡಿದುಕೊಂಡೇ ಕೂತರೆ ಕೋಶದ ಯಂತ್ರಕ್ಕೆ ಅದನ್ನು ಓದಲು ಆಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಧನ ಚಾರ್ಜ್ ಜಾಸ್ತಿ ಮಾಡಿದರೆ ಕಣ ಗೋಡೆಗೇ ಅಂಟಬಹುದು, ಕೋಶಕ್ಕೆ ವಿಷವೂ ಆಗಬಹುದು. ಪರೀಕ್ಷೆಯಲ್ಲಿ ಈ ವಿಷಯ ಬಂದರೆ ಮೊದಲು ಬರೆಯಬೇಕಾದದ್ದು ಈ ಜಗ್ಗಾಟವನ್ನೇ, ಕಣಗಳ ಹೆಸರಿನ ಪಟ್ಟಿಯನ್ನಲ್ಲ.

ಇದಕ್ಕೆ ಒಂದು ಜಾಣ ಉಪಾಯ ಕೈಟೋಸಾನ್. ಸೀಗಡಿ, ಏಡಿಗಳ ಚಿಪ್ಪಿನಿಂದ ಸಿಗುವ ಪಾಲಿಮರ್ ಇದು. ಹುಳಿ ಇರುವ ಕಡೆ ಧನ ಚಾರ್ಜ್ ಪಡೆದು ಡಿಎನ್‌ಎ ಹಿಡಿಯುತ್ತದೆ, ಕ್ಷಾರದ ಕಡೆ ಹೋದಾಗ ಚಾರ್ಜ್ ಕಳೆದುಕೊಂಡು ಅದನ್ನು ಕೈಬಿಡುತ್ತದೆ. ಕ್ಲೋರೋಪ್ಲಾಸ್ಟಿನ ಒಳಗೆ ಪಿಹೆಚ್ 8ರ ಆಸುಪಾಸು, ಅಂದರೆ ತುಸು ಕ್ಷಾರ. ಅಮೆರಿಕದ ಎಂಐಟಿಯ ತಂಡ 2019ರಲ್ಲಿ ಕೈಟೋಸಾನ್ ಸುತ್ತಿದ ನ್ಯಾನೋಟ್ಯೂಬಿನಿಂದ ಸರಕನ್ನು ಸರಿಯಾಗಿ ಕ್ಲೋರೋಪ್ಲಾಸ್ಟಿನಲ್ಲೇ ಇಳಿಸಿತು. ಬೀಗವೂ ಅದೇ, ಕೀಲಿಯೂ ಅದೇ!

ಇನ್ನು ಜೇಡಿಮಣ್ಣಿನ ನ್ಯಾನೋ ಹಾಳೆಗಳು. ಇವು ಕೋಶದೊಳಗೆ ಹೋಗಬೇಕು ಅಂತಲೂ ಇಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ವೈರಸ್ಸಿನ ಜೀನನ್ನು ಸುಮ್ಮನಾಗಿಸುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಇಂಥ ಹಾಳೆಗಳಿಗೆ ಅಂಟಿಸಿ ಎಲೆಗೆ ಸಿಂಪಡಿಸಿದರು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ತೇವದಿಂದ ಜೇಡಿಮಣ್ಣು ಮೆಲ್ಲಗೆ ಕರಗುತ್ತದೆ, ಆರ್‌ಎನ್‌ಎ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಒಂದೇ ಸಿಂಪಡಣೆಗೆ ಕನಿಷ್ಠ 20 ದಿನ ವೈರಸ್ಸಿನಿಂದ ರಕ್ಷಣೆ ಸಿಕ್ಕಿತು. ಇಳಿಸುವ ಸಮಸ್ಯೆಯನ್ನು ಬಾಗಿಲ ಹೊರಗೇ ಬಗೆಹರಿಸಿಕೊಂಡ ಹಾಗಾಯಿತು, ಅಲ್ವಾ.

ಕೊನೆಗೆ, ಹಸಿರು ಹೊಳಪು ಕಂಡ ಕೂಡಲೇ ಕುಣಿಯಬೇಡಿ. ಗಿಡದ ಅಂಗಾಂಶ ತಾನೇ ಹೊಳೆಯುತ್ತದೆ, ಗಾಯವಾದ ಎಲೆ ಇನ್ನೂ ಜಾಸ್ತಿ. ಡಿಎನ್‌ಎ ಇಲ್ಲದ ಬರೀ ಕಣ, ಕಣವಿಲ್ಲದ ಬರೀ ಡಿಎನ್‌ಎ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಜೀನಿನಿಂದ ಕೋಶ ಮಾಡಿಕೊಳ್ಳುವ ನಕಲಾದ ಎಂಆರ್‌ಎನ್‌ಎ ಅಳೆಯುವಾಗ ಉಳಿದುಹೋದ ಪ್ಲಾಸ್ಮಿಡ್ಡೇ ಲೆಕ್ಕಕ್ಕೆ ಸೇರಿಬಿಡಬಹುದು. ಜೀನಿನಲ್ಲಿ ಇಂಟ್ರಾನ್, ಅಂದರೆ ಎಂಆರ್‌ಎನ್‌ಎ ಆಗುವಾಗ ಕೋಶ ಕತ್ತರಿಸಿ ತೆಗೆಯುವ ತುಂಡು ಇಟ್ಟಿದ್ದರೆ ಎರಡನ್ನೂ ಬೇರೆ ಮಾಡಿ ನೋಡಬಹುದು. ಇದು ಯಾಕೆ ಮುಖ್ಯ ಅಂದರೆ, 2017ರಲ್ಲಿ ಹತ್ತಿಯ ಪರಾಗಕ್ಕೆ ಅಯಸ್ಕಾಂತದ ಕಣಗಳಿಂದ ಜೀನ್ ಸೇರಿಸಿದ ವರದಿ ಬಂದಾಗ, ಟಿಶ್ಯೂ ಕಲ್ಚರಿನ ಗೋಜೇ ಇಲ್ಲದೆ ನೇರ ಬೀಜ ಸಿಗುತ್ತದೆ ಅಂತ ಎಲ್ಲರಿಗೂ ಆಸೆ ಹುಟ್ಟಿತ್ತು. 2020ರಲ್ಲಿ ಬೇರೆ ಪ್ರಯೋಗಾಲಯಗಳು ಮೆಕ್ಕೆಜೋಳ, ಜೋಳ, ಲಿಲಿಯ ಪರಾಗದಲ್ಲಿ ಅದನ್ನೇ ಮಾಡಿ ನೋಡಿದವು. ಜೀನ್ ಕೆಲಸ ಮಾಡಿದ ಸುಳಿವೇ ಸಿಗಲಿಲ್ಲ.