ಕೈಗೆ ಎಟುಕದ ಹೋಸ್

ಭಾನುವಾರ ಮಧ್ಯಾಹ್ನ ಚಿಕ್ಕಬಳ್ಳಾಪುರದ ನನ್ನ ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆದು ತರುವ ಹಳೆಯ ಕಾರುಗಳಲ್ಲಿ ಹೆಚ್ಚಿನವು ನಂದಿಬೆಟ್ಟ ಹತ್ತಲು ಹೋದವು. 1,478 ಮೀಟರ್ ಎತ್ತರದ ಬೆಟ್ಟ, ಸಾಲು ತಿರುವು, ಸಣ್ಣ ಗೇರಿನಲ್ಲೇ ಏರಬೇಕು. ಬಾನೆಟ್ ಎತ್ತಿದರೆ ಮುಂದಿನ ದಪ್ಪ ರೇಡಿಯೇಟರ್ ಹೋಸ್ ಹೊಸದಾಗಿ ಹೊಳೆಯುತ್ತಿರುತ್ತದೆ. ಒಡೆದಿರುವುದು ಎಂಜಿನ್ನಿನ ಬೆನ್ನ ಹಿಂದೆ ಅವಿತಿರುವ ಹೀಟರ್ ಹೋಸ್, ಅಂದರೆ ಎಂಜಿನ್ನಿನ ಬಿಸಿ ದ್ರವವನ್ನು ಕಾರಿನೊಳಗಿನ ಹೀಟರಿಗೆ ಒಯ್ಯುವ ರಬ್ಬರ್ ಕೊಳವೆ.

‘ನಾನು ಹೀಟರ್ ಹಾಕುವುದೇ ಇಲ್ಲ’ ಎನ್ನುತ್ತಾರೆ. ಹಾಕದಿದ್ದರೂ ಎಂಜಿನ್ ಕಡೆಯಿಂದ ಬರುವ ಹೋಸ್‌ಗೆ ಬಿಸಿ, ಒತ್ತಡ ಎರಡೂ ತಪ್ಪಿದ್ದಲ್ಲ. ರಬ್ಬರ್ ಒಳಗಿನಿಂದ ಸೀಳುತ್ತಾ ಬರುವುದರಿಂದ ಹೊರಗೆ ನೋಡಿದರೆ ತಿಳಿಯದು. ಎಂಜಿನ್ ತಣ್ಣಗಿರುವಾಗ, ಹೋಸ್ ತುದಿಯನ್ನು ಬಿಗಿಹಿಡಿಯುವ ಲೋಹದ ಪಟ್ಟಿ ಕ್ಲ್ಯಾಂಪಿನ ಪಕ್ಕದಲ್ಲಿ ಹಿಚುಕಿ ನೋಡಿ. ಕೊಳೆತ ಸೌತೆಕಾಯಿಯಂತೆ ಮೆತ್ತಗಿದ್ದರೂ, ಒಣಗಿ ಕರಕರ ಎಂದರೂ ಅದರ ಕಾಲ ಮುಗಿಯಿತು.

ಮನೆಯಲ್ಲೇ ಬದಲಿಸಬಹುದು. ಬ್ಯಾಟರಿ ತಂತಿ ಕಳಚಿ, ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಅನ್ನು ಬೇಸಿನ್ನಿಗೆ ಇಳಿಸಿಕೊಳ್ಳಿ. ಅದು ಸಿಹಿಯಾದ ವಿಷ; ಬೀದಿನಾಯಿ ನೆಕ್ಕಿದರೆ ಬದುಕುವುದು ಕಷ್ಟ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಕೈಗೆ ಜಾಗ ಸಿಗುತ್ತದೆ. ಇನ್ನು ಮುಂದೆ ಅವಸರ ಬೇಡ.

ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮಾರುತಿ 800ರ ಹೀಟರ್ ಹೋಸ್ ಅನ್ನು ಇಕ್ಕಳದಲ್ಲಿ ಹಿಡಿದು ತಿರುಚಿದೆ. ಹೋಸ್ ಬಂತು, ಜೊತೆಗೆ ಹೀಟರಿನ ತೆಳು ಕೊಳವೆಯೂ ಕಿತ್ತು ಬಂತು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಜೋಡಿಸಲು ಎರಡು ದಿನ ಹಿಡಿಯಿತು, ಬೈಗುಳ ಬೇರೆ. ಅಂದಿನಿಂದ ನಾನು ಹಳೆಯ ಹೋಸ್ ಎಳೆಯುವುದಿಲ್ಲ. ಬ್ಲೇಡಿನಿಂದ ಉದ್ದಕ್ಕೆ, ಲೋಹಕ್ಕೆ ಗೀರು ಬೀಳದಂತೆ ಸೀಳಿ, ಬಾಳೆಕಾಯಿಯ ಸಿಪ್ಪೆ ತೆಗೆದಂತೆ ಬಿಡಿಸುತ್ತೇನೆ. ಕೊಳವೆಯ ಮೇಲೆ ಕಚ್ಚಿರುವ ಬಿಳಿ ಹೊಪ್ಪಳಿಕೆಯನ್ನು ಉಜ್ಜಿ ತೆಗೆಯದೆ ಹೊಸದನ್ನು ಕೂರಿಸಿದರೆ ಅಲ್ಲೇ ಜಿನುಗುತ್ತದೆ.

ಆ ಬಿಳಿ ಹೊಪ್ಪಳಿಕೆ ನಮ್ಮ ಬೋರ್‌ವೆಲ್ ನೀರಿನ ಕೊಡುಗೆ. ಸೋಲಾರ್ ನಲ್ಲಿಯ ಬಾಯಲ್ಲಿ ಕಟ್ಟುವ ಸುಣ್ಣವೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಬೆರೆಸಿಯೇ ಮಾರುವ ಡಬ್ಬವಾದರೆ ಹಾಗೇ ಸುರಿಯಿರಿ. ದಾರಿಯಲ್ಲಿ ಸಿಕ್ಕ ಕೊಳಾಯಿ ನೀರು ಆಪತ್ಕಾಲಕ್ಕೆ ಮಾತ್ರ.

ಹೊಸ ಹೋಸ್ ಹತ್ತದಿದ್ದರೆ ಒಳಗೆ ತುಸು ಕೂಲೆಂಟ್ ಸವರಿ. ಗ್ರೀಸ್ ಬೇಡ, ಎಣ್ಣೆ ತಗುಲಿದರೆ ಈ ರಬ್ಬರ್ ಊದಿಕೊಳ್ಳುತ್ತದೆ. ಕ್ಲ್ಯಾಂಪನ್ನು ಮೊದಲೇ ಹೋಸ್‌ಗೆ ಪೋಣಿಸಿಕೊಂಡು, ಅದರ ಸ್ಕ್ರೂ ನಾಳೆಯೂ ಸ್ಕ್ರೂಡ್ರೈವರಿಗೆ ಸಿಗುವ ಕಡೆ ತಿರುಗಿಸಿಡಿ. ನಾನು ಇದನ್ನು ಮರೆತು ಎಷ್ಟು ಬಾರಿ ಮತ್ತೆ ಬಿಚ್ಚಿದ್ದೇನೋ.

ತುಂಬುವಾಗ ಕಾರಿನ ಮೂತಿ ಸ್ವಲ್ಪ ಎತ್ತರಕ್ಕಿರಲಿ, ಹೀಟರ್ ಪೂರ್ತಿ ಬಿಸಿಗಿರಲಿ. ರೇಡಿಯೇಟರ್ ಮುಚ್ಚಳ ತೆರೆದಿಟ್ಟು, ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿ. ಗುಳ್ಳೆ ನಿಲ್ಲುವವರೆಗೆ, ಫ್ಯಾನ್ ಒಮ್ಮೆ ತಿರುಗುವವರೆಗೆ ಕಾಯುತ್ತಾ, ಇಳಿದಷ್ಟನ್ನು ತುಂಬಿ ಮುಚ್ಚಿ. ಒಮ್ಮೆ ಮುಚ್ಚಿದ ಮೇಲೆ, ಎಂಜಿನ್ ಬಿಸಿಯಿರುವಾಗ ಆ ಮುಚ್ಚಳ ತೆರೆಯಬೇಡಿ. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಕಂಡರೆ ಕ್ಲ್ಯಾಂಪಿಗೆ ಇನ್ನರ್ಧ ಸುತ್ತು ಬೇಕು.