ಬೋನ್ ಏಜ್ ಅಂದರೆ ಏನು? ಮಗುವಿನ ವಯಸ್ಸು ಒಂದು, ಮೂಳೆಯ ವಯಸ್ಸು ಇನ್ನೊಂದು

ನಮ್ಮ ಅಕ್ಕ ಮಗನಿಗೆ ಯೂನಿಫಾರ್ಮ್ ಪ್ಯಾಂಟ್ ಹೊಲಿಸುವಾಗ ಕೆಳಗೆ ಮೂರು ಇಂಚು ಜಾಸ್ತಿ ಬಟ್ಟೆ ಬಿಡಿಸಿ, ಒಳಗೆ ಮಡಿಚಿ ಹೊಲಿಗೆ ಹಾಕಿಸುತ್ತಿದ್ದಳು. ಮುಂದಿನ ಜೂನ್‌ಗೆ ಹೊಲಿಗೆ ಬಿಚ್ಚಿದರೆ ಆಯ್ತು, ಹೊಸದು ಬೇಡ. ಎಲ್ಲರ ಮನೆಯಲ್ಲೂ ಮಾಡೋದೇ ಅಲ್ವಾ. ಆದರೆ ಇವನ ನಾಲ್ಕನೇ ಕ್ಲಾಸಿನ ಪ್ಯಾಂಟ್ ಆರನೇ ಕ್ಲಾಸಿಗೂ ಸರಿಯಾಗಿ ಕೂರುತ್ತಿತ್ತು. ಆ ಮಡಿಕೆ ಬಿಚ್ಚುವ ಸಂದರ್ಭವೇ ಬರಲಿಲ್ಲ. ಎಲ್ಲರ ಕಣ್ಣೆದುರಿಗೇ ಇತ್ತು, ಯಾರಿಗೂ ಹೊಳೆಯಲಿಲ್ಲ. "ಅವನಪ್ಪನೂ ಹಾಗೇ, ಪಿಯುಸಿಗೆ ಬಂದ ಮೇಲೇ ಉದ್ದ ಆಗಿದ್ದು" ಅಂತ ಅಕ್ಕನ ಅತ್ತೆ ಹೇಳುತ್ತಿದ್ದರು, ನಾವು ಹೂಂ ಅನ್ನುತ್ತಿದ್ದೆವು.

ಹನ್ನೊಂದು ತುಂಬಿದಾಗ ಜ್ವರಕ್ಕೆ ಅಂತ ತೋರಿಸಿದ ಮಕ್ಕಳ ಡಾಕ್ಟರು ಅವನ ಎತ್ತರ ಅಳೆದು, ಚೀಟಿಯಲ್ಲಿ "ಬೋನ್ ಏಜ್" ಅಂತ ಬರೆದರು. ಅಕ್ಕ ಅವತ್ತು ರಾತ್ರಿ ಫೋನ್ ಮಾಡಿ "ಮೂಳೆಗೆ ಏನೋ ಕಾಯಿಲೆ ಇರಬೇಕು ಕಣೇ" ಅಂತ ಅತ್ತಳು.

ಅದು ಕಾಯಿಲೆಯ ಹೆಸರಲ್ಲ. ಬೋನ್ ಏಜ್ ಅಂದರೆ ಮೂಳೆಯ ವಯಸ್ಸು. ಹುಟ್ಟಿದ ತಾರೀಖು ಏನೇ ಹೇಳಲಿ, ಮೂಳೆ ಎಷ್ಟರ ಮಟ್ಟಿಗೆ ಬಲಿತಿದೆ ಅನ್ನುವ ಲೆಕ್ಕ. ನೋಡುವುದಕ್ಕೆ ಎಡಗೈಯ ಒಂದು ಎಕ್ಸ್-ರೇ ಸಾಕು, ಬೆರಳು ಮತ್ತು ಮಣಿಕಟ್ಟು ಸೇರಿದಂತೆ. ಎಡಗೈಯೇ ಯಾಕೆ ಅಂದರೆ ಹೆಚ್ಚಿನವರು ಕೆಲಸಕ್ಕೆಲ್ಲ ಬಲಗೈ ಬಳಸುತ್ತಾರೆ, ಪೆಟ್ಟು ಬಿದ್ದಿರುವ ಸಾಧ್ಯತೆ ಎಡಗೈಗೆ ಕಡಿಮೆ.

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಅವೆಲ್ಲ ಇನ್ನೂ ಮೃದ್ವಸ್ಥಿ, ಅಂದರೆ ಕಿವಿಯ ಅಂಚಿನಂತೆ ಮೆತ್ತಗೆ. ಎಕ್ಸ್-ರೇಯಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ಆ ಜಾಗ ಖಾಲಿ ಇದ್ದಂತಿರುತ್ತದೆ. ಮೊದಲ ಕೆಲವು ತಿಂಗಳಲ್ಲಿ ಎರಡು ಬಿಳಿ ಚುಕ್ಕಿ ಮೂಡುತ್ತವೆ, ಆಮೇಲೆ ಒಂದೊಂದಾಗಿ ಉಳಿದವು, ಕೊನೆಯದು ಕಾಣಿಸುವ ಹೊತ್ತಿಗೆ ಮಗುವಿಗೆ ಹತ್ತು ವರ್ಷದ ಆಸುಪಾಸು. ಇದರ ಜೊತೆಗೆ ಉದ್ದ ಮೂಳೆಗಳ ತುದಿಯಲ್ಲಿ ಒಂದು ತೆಳು ಕಪ್ಪು ಗೆರೆ ಕಾಣುತ್ತದೆ. ಅದೇ ಗ್ರೋತ್ ಪ್ಲೇಟ್. ಮಗು ಉದ್ದ ಆಗುವುದು ಅಲ್ಲಿಂದ. ಆ ಗೆರೆ ಇರುವವರೆಗೆ ಬೆಳವಣಿಗೆಗೆ ಜಾಗ ಇದೆ. ಮುಚ್ಚಿತು ಅಂದರೆ ಎತ್ತರದ ಕಥೆ ಅಲ್ಲಿಗೆ ಮುಗಿಯಿತು.

ಹೀಗೆ ತೆಗೆದ ಎಕ್ಸ್-ರೇಯನ್ನು ಡಾಕ್ಟರು ಒಂದು ಅಟ್ಲಾಸ್, ಅಂದರೆ ಬೇರೆ ಬೇರೆ ವಯಸ್ಸಿನ ಮಕ್ಕಳ ಕೈ ಎಕ್ಸ್-ರೇಗಳಿರುವ ಪುಸ್ತಕದ ಜೊತೆ ಹೋಲಿಸುತ್ತಾರೆ. ಗ್ರೂಲಿಕ್ ಮತ್ತು ಪೈಲ್ ಅನ್ನುವ ಇಬ್ಬರು 1950ರಲ್ಲಿ ತಂದ ಅಟ್ಲಾಸ್ ಇವತ್ತಿಗೂ ಚಾಲ್ತಿಯಲ್ಲಿದೆ. ಅದರಲ್ಲಿರುವುದು ಅಮೆರಿಕದ ಕ್ಲೀವ್‌ಲ್ಯಾಂಡಿನ ಅನುಕೂಲಸ್ಥ ಮನೆಗಳ ಬಿಳಿಯ ಮಕ್ಕಳ ಕೈಗಳು. ಆದ್ದರಿಂದ ನಮ್ಮ ಮಕ್ಕಳಿಗೆ ಅದು ಕರಾರುವಾಕ್ಕಾಗಿ ಹೊಂದಬೇಕು ಅಂತೇನಿಲ್ಲ. ವರದಿಯಲ್ಲಿ ಒಂದು ವರ್ಷ ಆಚೀಚೆ ಬಂದಿದೆ ಅಂತ ಗಾಬರಿಯಾಗಬೇಡಿ.

ಅಕ್ಕನ ಮಗನ ಎಕ್ಸ್-ರೇಯನ್ನು ಹಾರ್ಮೋನ್ ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದರು, ನಾನೂ ಜೊತೆಗಿದ್ದೆ. ಗ್ರೋತ್ ಪ್ಲೇಟ್‌ಗಳ ಕಪ್ಪು ಗೆರೆ ಅಗಲವಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಹನ್ನೊಂದು ವರ್ಷದ ಹುಡುಗ, ಮೂಳೆಯ ವಯಸ್ಸು ಏಳೂವರೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಮೂಳೆ ಹಿಂದೆ ಬಿದ್ದಿದೆ ಅನ್ನುವುದು ಗಡಿಯಾರ ತಡವಾಗಿದೆ ಅಂತ ಹೇಳುತ್ತದೆ, ಯಾಕೆ ತಡವಾಗಿದೆ ಅಂತ ಹೇಳುವುದಿಲ್ಲ. ಅತ್ತೆ ಹೇಳಿದ ಹಾಗೆ ಅಪ್ಪನಂತೆ ತಡವಾಗಿ ಬೆಳೆಯುವ ಮಕ್ಕಳಲ್ಲೂ ಮೂಳೆಯ ವಯಸ್ಸು ಹಿಂದೆಯೇ ಇರುತ್ತದೆ, ಅವರಿಗೆ ಏನೂ ರೋಗ ಇರುವುದಿಲ್ಲ. ಥೈರಾಯ್ಡ್ ಕಡಿಮೆ ಇದ್ದರೂ ಹಿಂದೆ ಬೀಳುತ್ತದೆ. ಗ್ರೋತ್ ಹಾರ್ಮೋನ್ ಕೊರತೆ ಇದ್ದರೂ ಅಷ್ಟೇ. ವ್ಯತ್ಯಾಸ ಗೊತ್ತಾಗುವುದು ವೇಗದಲ್ಲಿ. ನಾಲ್ಕು ವರ್ಷದಿಂದ ಮೈನೆರೆಯುವ ಕಾಲದವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯಬೇಕು. ತಡವಾಗಿ ಬೆಳೆಯುವ ಮಗು ಕುಳ್ಳಗಿದ್ದರೂ ಹೆಚ್ಚುಕಡಿಮೆ ಆ ಲೆಕ್ಕದಲ್ಲೇ ಏರುತ್ತಿರುತ್ತದೆ. ಹಾರ್ಮೋನ್ ತೊಂದರೆ ಇರುವ ಮಗುವಿನ ಬೆಳವಣಿಗೆ ತೀರಾ ನಿಧಾನವಾಗುತ್ತದೆ, ನಿಂತೇಬಿಡಬಹುದು. ಎರಡು ವರ್ಷ ಬಿಚ್ಚದೆ ಉಳಿದ ಆ ಮಡಿಕೆ ಹೇಳುತ್ತಿದ್ದದ್ದು ಅದನ್ನೇ.

ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 100 ದಾಟಿತ್ತು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಅದು, ಗ್ರಂಥಿ ಸೋತಷ್ಟೂ ಏರುತ್ತದೆ. ಸಾಮಾನ್ಯವಾಗಿ ಅದು 5ರ ಒಳಗಿರಬೇಕು. ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ಎಲ್ಲ ಇತ್ತು: ಮಲಬದ್ಧತೆ, ಬೇಸಿಗೆಯಲ್ಲೂ ಚಳಿ, ಮುಖ ಸ್ವಲ್ಪ ಊದಿದ ಹಾಗೆ, ಸದಾ ಮಂಕು. ನಾವು ಅವನನ್ನು "ತಂಟೆ ಇಲ್ಲದ ಹುಡುಗ" ಅಂತ ಹೊಗಳುತ್ತಿದ್ದೆವು. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಮೂಳೆಯ ವಯಸ್ಸು ಮುಂದೆ ಓಡುವುದೂ ಉಂಟು, ಅದನ್ನು ಜನ ಇನ್ನೂ ಕಡಿಮೆ ಗಮನಿಸುತ್ತಾರೆ. ಏಳು ವರ್ಷದ ಹುಡುಗಿ ಸರಸರ ಎತ್ತರ ಆಗುತ್ತಾಳೆ, ಕ್ಲಾಸಲ್ಲಿ ಎಲ್ಲರಿಗಿಂತ ಉದ್ದ, ಮನೆಯವರಿಗೆ ಖುಷಿ. ಆದರೆ ಹೆಣ್ಣುಮಕ್ಕಳಲ್ಲಿ 8 ತುಂಬುವ ಮೊದಲು, ಗಂಡುಮಕ್ಕಳಲ್ಲಿ 9 ತುಂಬುವ ಮೊದಲು ಮೈನೆರೆಯುವ ಲಕ್ಷಣ ಶುರುವಾದರೆ ತೋರಿಸಲೇಬೇಕು. ಮೈನೆರೆಸುವ ಹಾರ್ಮೋನುಗಳು ಗ್ರೋತ್ ಪ್ಲೇಟನ್ನು ಬೇಗ ಮುಚ್ಚಿಸುತ್ತವೆ, ಇವತ್ತು ಎಲ್ಲರಿಗಿಂತ ಉದ್ದ ಇದ್ದ ಮಗು ನಾಳೆ ಎಲ್ಲರಿಗಿಂತ ಕುಳ್ಳಗೆ ಉಳಿಯಬಹುದು. ಅಗತ್ಯ ಇದ್ದರೆ ಮೈನೆರೆಯುವುದನ್ನು ಸ್ವಲ್ಪ ಕಾಲ ತಡೆಹಿಡಿಯುವ ಇಂಜೆಕ್ಷನ್ ಇದೆ.

ಗ್ರೋತ್ ಪ್ಲೇಟ್ ಮುಚ್ಚುವ ಕೆಲಸ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನಿನದು, ಗಂಡಸರಲ್ಲೂ. 1994ರಲ್ಲಿ ಅಮೆರಿಕದ ವೈದ್ಯರು ಒಬ್ಬ 28 ವರ್ಷದ ಗಂಡಸಿನ ಬಗ್ಗೆ ಬರೆದರು. ಅವನ ದೇಹಕ್ಕೆ ಈಸ್ಟ್ರೋಜೆನ್ ನಾಟುತ್ತಲೇ ಇರಲಿಲ್ಲ. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಮೂಳೆಯ ವಯಸ್ಸು 15.

ಟಿವಿಯಲ್ಲಿ, ಫೋನಲ್ಲಿ ಎತ್ತರ ಮಾಡಿಸುವ ಪುಡಿಗಳ ಜಾಹೀರಾತು ಬರುತ್ತಲೇ ಇರುತ್ತದೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ದುಡ್ಡಿಗಿಂತ ದೊಡ್ಡ ನಷ್ಟ ಸಮಯದ್ದು. ಮೂಳೆ ಮುಚ್ಚಿದ ಮೇಲೆ ಅಸಲಿ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಕೊಟ್ಟರೂ ಎತ್ತರ ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಪುಕ್ಕಟೆ ಕೆಲಸ.

ಅಕ್ಕನ ಮಗ ಈಗ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಮೊದಲ ವರ್ಷ 9 ಸೆಂಟಿಮೀಟರ್ ಬೆಳೆದ. ಕಳೆದುಹೋದದ್ದೆಲ್ಲ ವಾಪಸ್ ಬರುತ್ತದೆ ಅಂತ ಡಾಕ್ಟರು ಮಾತು ಕೊಟ್ಟಿಲ್ಲ, ಏಕೆಂದರೆ ಮಾತ್ರೆ ಶುರುವಾದ ಮೇಲೆ ಮೂಳೆಯೂ ಬೇಗ ಬೇಗ ಬಲಿಯುತ್ತದೆ. ಹೋದ ಜೂನ್‌ನಲ್ಲಿ ಅಕ್ಕ ಬ್ಲೇಡು ಹಿಡಿದು ಕೂತು ಆ ಪ್ಯಾಂಟಿನ ಹೊಲಿಗೆ ಬಿಚ್ಚಿದಳು. ಒಳಗಿದ್ದ ಮೂರು ಇಂಚು ಬಟ್ಟೆ ಹೊಸದರ ಹಾಗೆ ಗಾಢ ನೀಲಿ, ಮೇಲಿನದೆಲ್ಲ ಒಗೆದು ಒಗೆದು ಬಿಳಿಚಿತ್ತು. ಇದನ್ನು ಹಾಕಿಕೊಂಡು ಹೋಗೋಕಾಗಲ್ಲ ಅಂತ ಅವನು ಹಟ ಹಿಡಿದ, ಹೊಸದು ಹೊಲಿಸಬೇಕಾಯಿತು.